ಮೈಸಿನ್ ಹಿಡಿಯೋದಾ, ಪ್ಲೇಟೋ ಹಿಡಿಯೋದಾ? ಹಳೆಯ ಕಂಪ್ಯೂಟರ್ ಪ್ರಯೋಗಗಳಲ್ಲಿ ಒಂದನ್ನು ಆರಿಸುವವರಿಗೆ

ಪ್ರಾಜೆಕ್ಟ್ ಸಮಯ ಬಂತೆಂದರೆ ಒಂದೇ ಬಗೆಯ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಬಿಸಿಎ, ಎಂಸಿಎ ಓದುವವರು ಕೇಳುವುದು ಹೀಗೆ: "ಹಳೆಯ ಎಕ್ಸ್‌ಪರ್ಟ್ ಸಿಸ್ಟಮ್ ಒಂದನ್ನು ಮತ್ತೆ ಕಟ್ಟಬೇಕು ಅಂತಿದ್ದೇವೆ. ಡೆಂಡ್ರಾಲ್ ತಗೊಳ್ಳೋದಾ, ಮೈಸಿನ್ ತಗೊಳ್ಳೋದಾ?" (ಎಕ್ಸ್‌ಪರ್ಟ್ ಸಿಸ್ಟಮ್ ಎಂದರೆ ಒಂದು ವಿಷಯದ ತಜ್ಞರ ತಿಳಿವಳಿಕೆಯನ್ನು ನಿಯಮಗಳಾಗಿ ತುಂಬಿಕೊಂಡು ಅವರಂತೆ ಸಲಹೆ ಕೊಡುವ ಪ್ರೋಗ್ರಾಮ್. ಡೆಂಡ್ರಾಲ್, ಮೈಸಿನ್ ಅಂಥವು.) ಹೈಸ್ಕೂಲ್ ಮೇಷ್ಟರ ಪ್ರಶ್ನೆ ಬೇರೆ: "ಟಚ್ ಸ್ಕ್ರೀನ್, ಮೌಸ್, ಪರದೆ ಮೇಲೆ ಚಿತ್ರ ಇವೆಲ್ಲ ಎಲ್ಲಿಂದ ಬಂದವು ಅಂತ ಒಂದು ಪೀರಿಯಡ್‌ನಲ್ಲಿ ತೋರಿಸಬೇಕು. ಯಾವುದನ್ನು ತೋರಿಸಲಿ?" (ಕಂಪ್ಯೂಟರ್ ಮೂಲಕ ಪಾಠ ಹೇಳುವ ಪ್ಲೇಟೋ ಈ ಸಾಲಿನದು.) ಕೈಯಲ್ಲಿ ಸ್ವಲ್ಪ ದುಡ್ಡಿರುವ ಹವ್ಯಾಸಿಗಳು ಹಳೆಯ ಮೆಷಿನ್ನನ್ನೇ ಕೊಂಡು ತರೋಣವೇ ಎಂಬ ಯೋಚನೆಯಲ್ಲಿರುತ್ತಾರೆ.

ಮೂವರಿಗೂ ಒಂದೇ ಉತ್ತರ ಹೇಳಲಾಗದು. ಆದರೆ ಮೂವರೂ ಎಡವುವ ಜಾಗ ಒಂದೇ: ಯಾವುದರ ಹೆಸರು ಜಾಸ್ತಿ ಕೇಳಿದ್ದೇವೋ ಅದನ್ನೇ ಹಿಡಿಯುತ್ತಾರೆ. ಆಮೇಲೆ ಅದು ಓಡುವುದೂ ಇಲ್ಲ, ಒಳಗೆ ಏನಿದೆ ಎಂದು ಕಾಣುವುದೂ ಇಲ್ಲ. ಕೊನೆಗೆ ವರದಿಯಲ್ಲಿ ಇಸವಿ ಮತ್ತು ಹೆಸರು ಬರೆದು ಮುಗಿಸುತ್ತಾರೆ. ಅದಕ್ಕೇ ಮೊದಲು ಅಳತೆಗೋಲು, ಆಮೇಲೆ ಹೆಸರುಗಳು.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ಇವತ್ತು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆಯೇ? ಕೆಲವು ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಮೆಷಿನ್ನಿನಂತೆ ನಟಿಸುವ ಪ್ರೋಗ್ರಾಮ್‌ನಲ್ಲಿ, ಓಡುತ್ತವೆ. ಕೆಲವನ್ನು ನಾವೇ ಚಿಕ್ಕದಾಗಿ ಕಟ್ಟಿಕೊಳ್ಳಬಹುದು. ಇನ್ನು ಕೆಲವು ವಿಡಿಯೊದಲ್ಲಷ್ಟೇ ಉಳಿದಿವೆ.

ಎರಡನೆಯದು, ಒಳಗಿನ ಕೆಲಸ ಕಣ್ಣಿಗೆ ಕಾಣುತ್ತದೆಯೇ? "ಯಾಕೆ ಹೀಗೆ ಹೇಳಿದೆ?" ಎಂದು ಕೇಳಿದರೆ ಅದಕ್ಕೆ ಉತ್ತರ ಇದೆಯೇ? ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಡುವುದು ಇದಕ್ಕೆ.

ಮೂರನೆಯದು, ವಿಷಯದ ತಿಳಿವಳಿಕೆ ಎಲ್ಲಿಂದ ಬರಬೇಕು? ಎಕ್ಸ್‌ಪರ್ಟ್ ಸಿಸ್ಟಮ್ ಅಂದಮೇಲೆ ಒಬ್ಬ ಎಕ್ಸ್‌ಪರ್ಟ್ ಬೇಕಲ್ವಾ? ಅವರು ನಿಮಗೆ ಸಿಗುತ್ತಾರೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಇನ್ನುಳಿದವು ಸಮಯ, ದುಡ್ಡು ಮತ್ತು ಕನ್ನಡ. ಕನ್ನಡದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಪ್ರಯೋಗಗಳೆಲ್ಲ ಯೂನಿಕೋಡ್‌ಗಿಂತ ಹಿಂದಿನವು. ನಮ್ಮಲ್ಲಿ 1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಶುರುವಾಗಿ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿ ಪರದೆ ಮೇಲೆ ಕನ್ನಡ ಮೂಡಿಸುತ್ತಿದ್ದ ಕಾಲ ಅದು. ಹಾಗಾಗಿ ಮೂಲ ಪ್ರಯೋಗದಲ್ಲೇ ಕನ್ನಡ ಬೇಕೆಂದರೆ ಆಗದು. ಅದೇ ವಿಚಾರವನ್ನು ಇವತ್ತಿನ ಸಾಧನದಲ್ಲಿ ಕಟ್ಟಿದರೆ ಕನ್ನಡ ಸಲೀಸು.

ಎಕ್ಸ್‌ಪರ್ಟ್ ಸಿಸ್ಟಮ್ ಕಡೆಯವು

ಡೆಂಡ್ರಾಲ್ ಇವೆಲ್ಲದರ ಹಿರಿಯಣ್ಣ. 1965ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಫೈಗನ್‌ಬಾಮ್ ಮತ್ತು ನೊಬೆಲ್ ಪಡೆದಿದ್ದ ತಳಿವಿಜ್ಞಾನಿ ಜೋಷುವಾ ಲೆಡರ್‌ಬರ್ಗ್ ಶುರು ಮಾಡಿದ್ದು. ಬ್ರೂಸ್ ಬುಕಾನನ್, ರಸಾಯನಶಾಸ್ತ್ರಜ್ಞ ಕಾರ್ಲ್ ಜೆರಾಸಿ ಆಮೇಲೆ ಜೊತೆಯಾದರು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಂದು ಅಣುವನ್ನು ಒಡೆದು ಚೂರುಗಳ ತೂಕ ಹೇಳುತ್ತದೆ. ಆ ತೂಕಗಳನ್ನು ನೋಡಿ ಇಡೀ ಅಣುವಿನ ರಚನೆ ಏನಿರಬಹುದು ಎಂದು ಊಹಿಸುವುದು ಡೆಂಡ್ರಾಲ್‌ನ ಕೆಲಸ. ಸಾಧ್ಯವಿರುವ ರಚನೆಗಳ ಸಂಖ್ಯೆ ಸಿಕ್ಕಾಪಟ್ಟೆ. ರಸಾಯನಶಾಸ್ತ್ರಜ್ಞರಿಗೆ ಗೊತ್ತಿರುವ ನಿಯಮಗಳಿಂದ ಅದು ಮೊದಲೇ ಬಹಳಷ್ಟನ್ನು ತಳ್ಳಿಹಾಕುತ್ತದೆ. ಉಳಿದವನ್ನು ಪರೀಕ್ಷಿಸುತ್ತದೆ.

ಚರಿತ್ರೆಯಲ್ಲಿ ಇದರ ಜಾಗ ದೊಡ್ಡದು. ಎಲ್ಲ ಸಮಸ್ಯೆಗೂ ಹೊಂದುವ ಒಂದು ಬುದ್ಧಿವಂತ ತರ್ಕ ಹುಡುಕುತ್ತಿದ್ದವರಿಗೆ, ಒಂದೇ ವಿಷಯದ ಆಳವಾದ ತಿಳಿವಳಿಕೆ ಎಷ್ಟು ದೂರ ಒಯ್ಯುತ್ತದೆ ಎಂದು ತೋರಿಸಿದ್ದು ಇದೇ. ಪ್ರಾಜೆಕ್ಟ್‌ಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಕೆಮಿಸ್ಟ್ರಿ ಗೊತ್ತಿಲ್ಲದವರು ಇದನ್ನು ಕಟ್ಟಿದರೆ ಆಟಿಕೆಯಾಗುತ್ತದೆ. ನಿಮ್ಮ ಕಾಲೇಜಿನಲ್ಲಿ ಎಂಎಸ್‌ಸಿ ಕೆಮಿಸ್ಟ್ರಿ ಇದ್ದು, ಅಲ್ಲಿನ ಇಬ್ಬರು ನಿಮ್ಮ ಜೊತೆ ನಿಜವಾಗಿ ಕೂರುವುದಾದರೆ ಕೈ ಹಾಕಿ.

ಮೈಸಿನ್ ಹಾಗಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

1970ರ ದಶಕದ ಮೊದಲ ಭಾಗದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲೇ ಎಡ್ವರ್ಡ್ ಶಾರ್ಟ್‌ಲಿಫ್ ಕಟ್ಟಿದ್ದು. ರಕ್ತಕ್ಕೆ ಸೋಂಕು ತಗುಲಿದಾಗ, ಆಮೇಲಾಮೇಲೆ ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಸೋಂಕು) ಪ್ರಕರಣಗಳಲ್ಲೂ, ಯಾವ ಬ್ಯಾಕ್ಟೀರಿಯಾ ಇರಬಹುದು, ಯಾವ ಆಂಟಿಬಯಾಟಿಕ್ ಎಷ್ಟು ಕೊಡಬೇಕು ಎಂದು ವೈದ್ಯರಿಗೆ ಸಲಹೆ ಕೊಡುತ್ತಿತ್ತು. ಒಳಗಿದ್ದದ್ದು ಕೆಲವು ನೂರು ನಿಯಮಗಳು. ಒಂದು ನಿಯಮ ಸರಿಸುಮಾರು ಹೀಗಿದೆ: ಗ್ರಾಂ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾದ ಬಗೆ ಗುರುತಿಸುವ ಪರೀಕ್ಷೆ) ನೆಗೆಟಿವ್ ಇದ್ದು, ಆಕಾರ ಕಡ್ಡಿಯಂತಿದ್ದು, ಗಾಳಿಯಿಲ್ಲದೆ ಬೆಳೆಯುವಂಥದ್ದಾಗಿದ್ದರೆ, ಅದು ಬ್ಯಾಕ್ಟೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಖಚಿತತೆ 0.6.

ಆ 0.6 ಇದೆಯಲ್ಲ, ಮೈಸಿನ್‌ನ ಜಾಣತನ ಅಲ್ಲಿದೆ. ಖಚಿತತೆ -1ರಿಂದ (ಖಂಡಿತ ಅಲ್ಲ) +1ರವರೆಗೆ (ಖಂಡಿತ ಹೌದು) ಹೋಗುತ್ತದೆ. ಇನ್ನೊಂದು ನಿಯಮವೂ ಅದೇ ತೀರ್ಮಾನಕ್ಕೆ ಬಂದು 0.5 ಕೊಟ್ಟರೆ ಎರಡನ್ನೂ ಸುಮ್ನೆ ಕೂಡಿಸುವುದಿಲ್ಲ. ಉಳಿದಿರುವ ಅನುಮಾನ 0.4. ಅದರ ಅರ್ಧ, ಅಂದರೆ 0.2, ಸೇರಿಸುತ್ತದೆ. ಮೊತ್ತ 0.8. ಎಷ್ಟು ಸಾಕ್ಷಿ ಸೇರಿದರೂ 1 ದಾಟುವುದಿಲ್ಲ. ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಅರ್ಥವಾಗುವ ಲೆಕ್ಕ ಇದು.

ಇನ್ನೊಂದು ಗುಣ: ಮೈಸಿನ್ ತೀರ್ಮಾನದಿಂದ ಹಿಂದಕ್ಕೆ ಯೋಚಿಸುತ್ತದೆ. "ಇದು ಬ್ಯಾಕ್ಟೀರಾಯ್ಡಿಸ್ ಇರಬಹುದೇ? ಹಾಗಾದರೆ ಆಕಾರ ಗೊತ್ತಾಗಬೇಕು. ಗೊತ್ತಿಲ್ಲ, ವೈದ್ಯರನ್ನು ಕೇಳೋಣ." ಹೀಗೆ ಪ್ರಶ್ನೆ ಹುಟ್ಟುತ್ತದೆ. ವೈದ್ಯರು ತಿರುಗಿ "ಇದನ್ನು ಯಾಕೆ ಕೇಳುತ್ತಿದ್ದೀಯಾ?" ಎಂದರೆ ತಾನು ಸದ್ಯ ಯಾವ ನಿಯಮದ ಮೇಲಿದ್ದೇನೆ ಎಂದು ತೋರಿಸುತ್ತದೆ. "ಈ ತೀರ್ಮಾನಕ್ಕೆ ಹೇಗೆ ಬಂದೆ?" ಎಂದರೆ ಬಂದ ದಾರಿ ಹೇಳುತ್ತದೆ. ಅರ್ಧ ಶತಮಾನದ ಹಿಂದಿನ ಪ್ರೋಗ್ರಾಮ್‌ಗೆ ಈ ಸೌಜನ್ಯ ಇತ್ತು.

ಎಷ್ಟು ಚೆನ್ನಾಗಿತ್ತು? 1979ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 10 ಮೆನಿಂಜೈಟಿಸ್ ಪ್ರಕರಣಗಳಿಗೆ ಮೈಸಿನ್ ಮತ್ತು ಸ್ಟ್ಯಾನ್‌ಫರ್ಡ್ ವೈದ್ಯರು ಕೊಟ್ಟ ಸಲಹೆಗಳನ್ನು, ಯಾರದ್ದು ಯಾವುದು ಎಂದು ಹೇಳದೆ, ಹೊರಗಿನ 8 ತಜ್ಞರ ಮುಂದೆ ಇಟ್ಟರು. ಮೈಸಿನ್ ಸಲಹೆಗಳಿಗೆ 65% ಒಪ್ಪಿಗೆ ಸಿಕ್ಕಿತು. ಅಲ್ಲಿನ ಅಧ್ಯಾಪಕ ವೈದ್ಯರಿಗೆ ಸಿಕ್ಕಿದ್ದು 42.5%ರಿಂದ 62.5%. ಇಷ್ಟಾದರೂ ಅದು ಆಸ್ಪತ್ರೆಯಲ್ಲಿ ದಿನಬಳಕೆಗೆ ಬರಲೇ ಇಲ್ಲ. ರೋಗಿಯ ವಿವರವನ್ನೆಲ್ಲ ಟರ್ಮಿನಲ್‌ನಲ್ಲಿ ಕೂತು ಟೈಪ್ ಮಾಡಬೇಕಿತ್ತು. ತಪ್ಪಾದರೆ ಜವಾಬ್ದಾರಿ ಯಾರದ್ದು ಎಂಬ ಪ್ರಶ್ನೆಯೂ ಇತ್ತು. ವರದಿ ಬರೆಯುವಾಗ ಈ ಭಾಗ ಬಿಡಬೇಡಿ. ಪರೀಕ್ಷಕರಿಗೆ ಇದೇ ಜಾಸ್ತಿ ಇಷ್ಟವಾಗುತ್ತದೆ.

ನಿಮ್ಮ ಆಯ್ಕೆಗೆ ಬೇಕಾದ ಮಾತೆಂದರೆ ಮೈಸಿನ್‌ನ ಇಂಜಿನ್ (ನಿಯಮಗಳನ್ನು ಓಡಿಸುವ ಭಾಗ) ಬೇರೆ, ನಿಯಮಗಳು ಬೇರೆ. ವೈದ್ಯಕೀಯ ನಿಯಮಗಳನ್ನು ತೆಗೆದು ಖಾಲಿ ಇಂಜಿನ್ ಮಾತ್ರ ಉಳಿಸಿಕೊಂಡದ್ದಕ್ಕೆ ಎಮೈಸಿನ್ ಎಂಬ ಹೆಸರು ಬಂತು. ಅದರಲ್ಲಿ ಶ್ವಾಸಕೋಶ ಪರೀಕ್ಷೆಯ ನಿಯಮ ತುಂಬಿ ಪಫ್ ಎಂಬುದನ್ನು ಕಟ್ಟಿದರು. ನೀವೂ ನಿಮಗೆ ಗೊತ್ತಿರುವ ವಿಷಯ ತುಂಬಬಹುದು.

ಎಕ್ಸ್‌ಕಾನ್ ದುಡ್ಡು ದುಡಿದ ಸಿಸ್ಟಮ್. ಡಿಇಸಿ ಕಂಪನಿಯ ವ್ಯಾಕ್ಸ್ ಕಂಪ್ಯೂಟರ್‌ಗಳನ್ನು ಗ್ರಾಹಕರು ತಮಗೆ ಬೇಕಾದ ಭಾಗಗಳನ್ನು ಆರಿಸಿ ಆರ್ಡರ್ ಮಾಡುತ್ತಿದ್ದರು. ಒಂದು ಕೇಬಲ್ ಮರೆತರೂ ಗ್ರಾಹಕರ ಜಾಗದಲ್ಲಿ ಮೆಷಿನ್ ಏಳುತ್ತಿರಲಿಲ್ಲ. ಆರ್ಡರ್ ನೋಡಿ ಏನು ಬಿಟ್ಟುಹೋಗಿದೆ, ಯಾವುದು ಯಾವ ಕ್ಯಾಬಿನೆಟ್‌ಗೆ ಹೋಗಬೇಕು ಎಂದು ಹೇಳಲು ಕಾರ್ನೆಗಿ ಮೆಲನ್‌ನ ಜಾನ್ ಮೆಕ್‌ಡರ್ಮಟ್ 1978ರಲ್ಲಿ ಇದನ್ನು ಶುರು ಮಾಡಿದರು. ಅಲ್ಲಿ ಇದರ ಹೆಸರು ಆರ್1. 1980ರಲ್ಲಿ ಸೇಲಂನ ಕಾರ್ಖಾನೆಯಲ್ಲಿ ಕೆಲಸಕ್ಕೆ ಬಂತು. ಈ ಸೇಲಂ ತಮಿಳುನಾಡಿನದಲ್ಲ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನದು. 1986ರ ಹೊತ್ತಿಗೆ ಸುಮಾರು 80,000 ಆರ್ಡರ್ ನೋಡಿತ್ತು.

ಇದು ಮೈಸಿನ್‌ಗೆ ಉಲ್ಟಾ. ಕೈಯಲ್ಲಿರುವ ಮಾಹಿತಿಯಿಂದ ಮುಂದಕ್ಕೆ ಹೋಗುತ್ತದೆ, ಖಚಿತತೆಯ ಅಂಕಿ ಇಲ್ಲ. ಒಂದು ಭಾಗ ಇಟ್ಟಾಯಿತು, ಹಾಗಾದರೆ ಮುಂದಿನದು ಏನು, ಅಷ್ಟೇ. ಕಟ್ಟುವುದು ಸುಲಭ. ತಜ್ಞರೂ ಸುಲಭವಾಗಿ ಸಿಗುತ್ತಾರೆ: ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಪಿಸಿ ಜೋಡಿಸಿ ಕೊಡುವವರು ಯಾರಾದರೂ ಸಾಕು. ಯಾವ ಪ್ರೊಸೆಸರ್‌ಗೆ ಯಾವ ಮದರ್‌ಬೋರ್ಡ್, ಎಷ್ಟು ವ್ಯಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಭಾಗ) ಎಂದು ಅವರಿಗೆ ಬಾಯಿಪಾಠ. ಅವರ ಮಾತುಗಳನ್ನೇ ನಿಯಮವಾಗಿ ಬರೆದರೆ ಪುಟ್ಟ ಎಕ್ಸ್‌ಕಾನ್ ತಯಾರು. ಒಂದು ಎಚ್ಚರಿಕೆ. ಹೊಸ ಭಾಗ ಮಾರುಕಟ್ಟೆಗೆ ಬಂದ ಹಾಗೆ ನಿಯಮ ಬದಲಿಸುತ್ತಲೇ ಇರಬೇಕು. ಎಕ್ಸ್‌ಕಾನ್ ಕೂಡ ನಿಯಮಗಳು ಸಾವಿರಗಟ್ಟಲೆ ಬೆಳೆದು, ನೋಡಿಕೊಳ್ಳುವವರಿಗೆ ದೊಡ್ಡ ಹೊರೆಯಾಯಿತು.

ಪ್ರಾಸ್ಪೆಕ್ಟರ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಎಸ್‌ಆರ್‌ಐ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಅದಿರು ಹುಡುಕಲು ಮಾಡಿದ್ದು. ಕತೆ ಚೆನ್ನಾಗಿದೆ, ಭೂವಿಜ್ಞಾನದವರು ಓದಬಹುದು. ಕಟ್ಟಲು ಹೋದರೆ ಡೆಂಡ್ರಾಲ್‌ನ ಕಷ್ಟವೇ ಇಲ್ಲೂ.

ಯಾವುದರಲ್ಲಿ ಕಟ್ಟುವುದು

ಮೂರು ದಾರಿ ಇವೆ. ಮೂರೂ ಉಚಿತ.

ಕ್ಲಿಪ್ಸ್ ಎಂಬುದನ್ನು ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್‌ನಲ್ಲಿ 1985ರಲ್ಲಿ ಮಾಡಿದರು. ಆಗ ಎಕ್ಸ್‌ಪರ್ಟ್ ಸಿಸ್ಟಮ್ ಸಾಧನಗಳು ಬಹುತೇಕ ಲಿಸ್ಪ್ ಭಾಷೆಯಲ್ಲಿದ್ದು ದುಬಾರಿ ಮೆಷಿನ್ ಕೇಳುತ್ತಿದ್ದವು. ಅದಕ್ಕೆ ಸಿ ಭಾಷೆಯಲ್ಲಿ ಬರೆದರು. ಇವತ್ತಿಗೂ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಮುಂದಕ್ಕೆ ಯೋಚಿಸುವ ಎಕ್ಸ್‌ಕಾನ್ ಬಗೆಯ ಕೆಲಸಕ್ಕೆ ಹೇಳಿ ಮಾಡಿಸಿದ್ದು. ವಾಚ್ ರೂಲ್ಸ್ ಎಂಬ ಆದೇಶ ಕೊಟ್ಟರೆ ಯಾವ ನಿಯಮ ಯಾವಾಗ ಕೆಲಸ ಮಾಡಿತು ಎಂದು ಸಾಲುಸಾಲಾಗಿ ಕಾಣುತ್ತದೆ. ಡೆಮೊ ದಿನ ಇದೊಂದೇ ಸಾಕು, ಎದುರಿಗಿರುವವರಿಗೆ ಮನದಟ್ಟಾಗುತ್ತದೆ.

ಪ್ರೋಲಾಗ್ 1972ರ ಸುಮಾರಿಗೆ ಫ್ರಾನ್ಸ್‌ನ ಮಾರ್ಸೇಯಲ್ಲಿ ಹುಟ್ಟಿದ ಭಾಷೆ. ಹಿಂದಕ್ಕೆ ಯೋಚಿಸುವುದು ಅದರ ಹುಟ್ಟುಗುಣ. ಹಾಗಾಗಿ ಮೈಸಿನ್ ಬಗೆಗೆ ಹತ್ತಿರ. ಎಸ್‌ಡಬ್ಲ್ಯೂಐ ಪ್ರೋಲಾಗ್‌ನಲ್ಲಿ ಕನ್ನಡ ಅಕ್ಷರಕ್ಕೂ ತೊಂದರೆಯಿಲ್ಲ. ಖಚಿತತೆಯ ಲೆಕ್ಕ ಮಾತ್ರ ನೀವೇ ಬರೆದುಕೊಳ್ಳಬೇಕು. ಭಾಷೆಯ ರೀತಿ ಹೊಸದಾದ್ದರಿಂದ ಮೊದಲ ಎರಡು ವಾರ ತಲೆ ಕೆಡುತ್ತದೆ.

ಪೈಥಾನ್ ಎಲ್ಲರಿಗೂ ಗೊತ್ತು. ಇಂಜಿನ್ ಪೂರ್ತಿ ನೀವೇ ಬರೆಯಬೇಕು, ಆದರೆ ಅದು ಅಂದುಕೊಂಡಷ್ಟು ದೊಡ್ಡದಲ್ಲ. ಬರೆದವರಿಗೆ ಒಳಗಿನದ್ದೆಲ್ಲ ಗೊತ್ತಿರುತ್ತದೆ. ನನ್ನ ಮತ ಇದಕ್ಕೇ, ಒಂದು ಷರತ್ತಿನ ಮೇಲೆ: ನಿಯಮಗಳನ್ನು ಇಫ್-ಎಲ್ಸ್ ಸಾಲುಗಳಾಗಿ ಕೋಡ್‌ನೊಳಗೇ ಹೂತುಹಾಕಬೇಡಿ. ಬೇರೆ ಫೈಲ್‌ನಲ್ಲಿಡಿ. ಇಂಜಿನ್ ಬೇರೆ, ನಿಯಮ ಬೇರೆ ಎಂಬುದು ಹೋದರೆ ಎಕ್ಸ್‌ಪರ್ಟ್ ಸಿಸ್ಟಮ್ ಎನ್ನಲು ಉಳಿಯುವುದು ಏನು?

ವಿಷಯ ಯಾವುದಿರಲಿ ಎಂದರೆ, ಮಲೆನಾಡು-ಕರಾವಳಿಯವರಿಗೆ ಅಡಿಕೆ ತೋಟ ಇದೆಯಲ್ಲ. ಮಳೆ ದಿನಗಟ್ಟಲೆ ಬಿಟ್ಟಿಲ್ಲ, ಎಳೆಕಾಯಿ ಉದುರುತ್ತಿವೆ, ಉದುರಿದ ಕಾಯಿಯ ತೊಟ್ಟಿನ ಹತ್ತಿರ ನೀರು ಇಳಿದಂಥ ಕಲೆ ಇದೆ. ಹಾಗಿದ್ದರೆ ಕೊಳೆರೋಗ, ಖಚಿತತೆ 0.6. ಕಾಯಿಯ ಮೇಲೆ ಬಿಳಿ ಬೂಷ್ಟು ಕಂಡರೆ ಅದಕ್ಕೂ ಒಂದು ನಿಯಮ, 0.5. ಎರಡೂ ಸೇರಿ 0.8, ಮೇಲೆ ಮಾಡಿದ ಲೆಕ್ಕವೇ. ಈ ಅಂಕಿಗಳು ಲೆಕ್ಕ ತೋರಿಸಲು ನಾನಿಟ್ಟವು. ನಿಜವಾದವನ್ನು ನಿಮ್ಮೂರಿನ ಅನುಭವಸ್ಥ ಬೆಳೆಗಾರರಿಂದ ಪಡೆಯಬೇಕು. ವಿಟ್ಲದಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಪ್ರಾದೇಶಿಕ ಕೇಂದ್ರವೂ ಇದೆ.

ಬೆಳೆಗಾರರನ್ನು ಕೇಳಿ ನೋಡಿ, ಅವರು ಮೊದಲು ಹೇಳುವುದು "ಅದು ನೋಡಿದ ಕೂಡಲೇ ಗೊತ್ತಾಗ್ತದೆ ಮಾರಾಯ್ರೆ" ಎಂದೇ. ನೋಡಿದ ಕೂಡಲೇ ಕಂಡದ್ದು ಏನು ಎಂದು ಬಿಡಿಸಿ ಬಿಡಿಸಿ ಕೇಳಬೇಕು. "ಬಿಸಿಲಿಗೆ ಉದುರಿದ ಕಾಯಿಗೂ ಇದಕ್ಕೂ ಏನು ವ್ಯತ್ಯಾಸ?" ಎಂದರೆ ಮಾತು ಹೊರಬರುತ್ತದೆ. ತಜ್ಞರಿಂದ ತಿಳಿವಳಿಕೆ ಹೊರತೆಗೆಯುವುದೇ ಈ ಇಡೀ ಕೆಲಸದ ಇಕ್ಕಟ್ಟಿನ ಜಾಗ ಎಂದು ಫೈಗನ್‌ಬಾಮ್ ಅವರೇ ಹೇಳುತ್ತಿದ್ದರು. ಪ್ರಾಜೆಕ್ಟ್‌ನ ಅರ್ಧ ಸಮಯ ಇದಕ್ಕೇ ಇಟ್ಟುಕೊಳ್ಳಿ.

ಚರಿತ್ರೆ ಬರೆಯಲು ಹೊರಟವರಿಗೆ ಒಂದು ಸುಳಿವು. 1980ರ ದಶಕದ ಕೊನೆಯ ಭಾಗದಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಕೆಬಿಸಿಎಸ್ (ತಿಳಿವಳಿಕೆ ಆಧರಿಸಿದ ಕಂಪ್ಯೂಟರ್ ವ್ಯವಸ್ಥೆಗಳು) ಎಂಬ ಯೋಜನೆ ನಡೆಸಿತ್ತು. ಬೆಂಗಳೂರಿನ ಐಐಎಸ್‌ಸಿ ಮತ್ತು ಐಐಟಿ ಮದ್ರಾಸ್ ಅದರ ಕೇಂದ್ರಗಳಲ್ಲಿದ್ದವು. ಇದರ ಬಗ್ಗೆ ಕನ್ನಡದಲ್ಲಿ ಬರೆದರೆ ಒಳ್ಳೆಯ ಕೆಲಸವಾದೀತು.

ಪರದೆಯ ಕಡೆಯವು

ಇಲ್ಲಿ ಹೋಲಿಸಬೇಕಾದವು ಜಾಸ್ತಿ. ಎರಡನ್ನು ಮೊದಲೇ ಬದಿಗಿಡುತ್ತೇನೆ, ಕಡಿಮೆ ಎಂದಲ್ಲ, ಅವನ್ನು ನೋಡಬಹುದೇ ಹೊರತು ಮುಟ್ಟಲಾಗದು.

ಒಂದು ಸ್ಕೆಚ್‌ಪ್ಯಾಡ್. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಎಂಐಟಿಯಲ್ಲಿ ಪಿಎಚ್‌ಡಿಗೆ ಮಾಡಿದ್ದು. ಟಿಎಕ್ಸ್-2 ಎಂಬ ಕಂಪ್ಯೂಟರ್‌ನ ಪರದೆ ಮೇಲೆ ಲೈಟ್ ಪೆನ್ ಹಿಡಿದು ಗೆರೆ ಎಳೆಯುವುದು. ಒರಟಾಗಿ ನಾಲ್ಕು ಗೆರೆ ಎಳೆದು "ಇವು ಒಂದಕ್ಕೊಂದು ಲಂಬವಾಗಿರಲಿ" ಎಂದರೆ ಚಿತ್ರ ತಾನೇ ನೆಟ್ಟಗಾಗುತ್ತಿತ್ತು. ಗಣಿತ ಇಷ್ಟವಿರುವವರು ಆ ಒಂದು ಗುಣವನ್ನು ಮಾತ್ರ ಇವತ್ತು ಬ್ರೌಸರ್‌ನಲ್ಲಿ ಕಟ್ಟಿ ನೋಡಬಹುದು. ಒಂದು ಸೆಮಿಸ್ಟರ್‌ಗೆ ಸಾಕಾಗುವಷ್ಟು ಕೆಲಸ.

ಇನ್ನೊಂದು ಡಗ್ಲಾಸ್ ಎಂಗಲ್‌ಬಾರ್ಟ್ ಅವರ ಡೆಮೊ. 1968ರ ಡಿಸೆಂಬರ್ 9, ಸ್ಯಾನ್ ಫ್ರಾನ್ಸಿಸ್ಕೊ. 90 ನಿಮಿಷದಲ್ಲಿ ಮೌಸ್, ಲಿಂಕ್, ದೂರದ ಲ್ಯಾಬಿನಲ್ಲಿ ಕೂತವರ ಮುಖ ಪರದೆ ಮೇಲೆ, ಇಬ್ಬರೂ ಸೇರಿ ಒಂದೇ ಬರಹ ತಿದ್ದುವುದು, ಎಲ್ಲವನ್ನೂ ತೋರಿಸಿದರು. ವಿಡಿಯೊ ಉಚಿತವಾಗಿ ಸಿಗುತ್ತದೆ. ಮೇಷ್ಟರೇ, ಪೂರ್ತಿ ಹಾಕಬೇಡಿ, ಮಕ್ಕಳು ಆಕಳಿಸುತ್ತಾರೆ. ಮೌಸ್ ತೋರಿಸುವ ಭಾಗ, ಪರದೆಯ ಮೂಲೆಯಲ್ಲಿ ಇನ್ನೊಬ್ಬರ ಮುಖ ಬರುವ ಭಾಗ, ಇವೆರಡು ಸಾಕು.

ಮುಟ್ಟಿ ನೋಡಲು ಸಿಗುವುದರಲ್ಲಿ ನನ್ನ ಮೊದಲ ಆಯ್ಕೆ ಪ್ಲೇಟೋ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಶುರು ಮಾಡಿದ, ಕಂಪ್ಯೂಟರ್ ಮೂಲಕ ಪಾಠ ಹೇಳುವ ವ್ಯವಸ್ಥೆ. ಚಿತ್ರ ತೋರಿಸಬೇಕು, ಆದರೆ ಆಗ ಮೆಮೊರಿಗೆ ಬಂಗಾರದ ಬೆಲೆ. ಮಾಮೂಲಿ ಪರದೆಯಾದರೆ ಪ್ರತಿ ಚುಕ್ಕಿಯನ್ನೂ ಮೆಮೊರಿಯಲ್ಲಿಟ್ಟು ಮತ್ತೆ ಮತ್ತೆ ಬರೆಯಬೇಕು. ಇದಕ್ಕೆ ಬಿಟ್ಜರ್, ಜೀನ್ ಸ್ಲಾಟೊ ಮತ್ತು ವಿದ್ಯಾರ್ಥಿ ರಾಬರ್ಟ್ ವಿಲ್ಸನ್ 1964ರಲ್ಲಿ ಪ್ಲಾಸ್ಮಾ ಪರದೆ ಕಂಡುಹಿಡಿದರು. ಒಮ್ಮೆ ಹೊತ್ತಿಸಿದ ಚುಕ್ಕಿ ಆರಿಸುವವರೆಗೂ ಹೊತ್ತಿಕೊಂಡೇ ಇರುತ್ತದೆ. ಚಿತ್ರವನ್ನು ನೆನಪಿಟ್ಟುಕೊಳ್ಳುವ ಕೆಲಸ ಪರದೆಯದ್ದೇ ಆಯಿತು. ಕೆಲವು ದಶಕ ಕಳೆದು ನಮ್ಮ ಮನೆಗಳಿಗೆ ಬಂದ ಪ್ಲಾಸ್ಮಾ ಟಿವಿಯ ಮೂಲ ಇಲ್ಲಿದೆ.

1972ರಲ್ಲಿ ಬಂದ ಪ್ಲೇಟೋ-4 ಟರ್ಮಿನಲ್ ನೋಡಬೇಕು. 512×512 ಚುಕ್ಕಿಗಳ ಕಿತ್ತಳೆ ಬಣ್ಣದ ಪರದೆ. ಅದರ ಮೇಲೆ 16×16 ಜಾಗಗಳಲ್ಲಿ ಬೆರಳನ್ನು ಗುರುತಿಸುವ ಟಚ್ ವ್ಯವಸ್ಥೆ. ಪ್ಲಾಸ್ಮಾ ಗಾಜು ಪಾರದರ್ಶಕವಾದ್ದರಿಂದ ಹಿಂದಿನಿಂದ ಸ್ಲೈಡ್ ಬಿಟ್ಟರೆ ಬಣ್ಣದ ಫೋಟೊ ಮೇಲೆಯೇ ಕಂಪ್ಯೂಟರ್ ಅಕ್ಷರ ಮೂಡುತ್ತಿತ್ತು. ಬೇಕಾದ ಸ್ಲೈಡನ್ನು ಎಳೆದು ಹಿಡಿಯುತ್ತಿದ್ದದ್ದು ಒತ್ತಿಟ್ಟ ಗಾಳಿಯ ಶಕ್ತಿ! ಸಾಫ್ಟ್‌ವೇರ್‌ನಲ್ಲೂ ಕಡಿಮೆಯಿರಲಿಲ್ಲ. 1973ರ ಹೊತ್ತಿಗೇ ಚಾಟ್ ಮತ್ತು ಚರ್ಚೆಯ ಕಟ್ಟೆ ಎರಡೂ ಇದ್ದವು. ಒಟ್ಟಿಗೆ ಆಡುವ ಆಟಗಳೂ ಬಂದವು.

ಸೈಬರ್1 ಎಂಬ ಗುಂಪು ಇದನ್ನು ಎಮ್ಯುಲೇಟರ್‌ನಲ್ಲಿ ಜೀವಂತ ಇಟ್ಟಿದೆ. ಖಾತೆ ಉಚಿತ. ಪಾಠ ಬರೆಯುವ ಟ್ಯೂಟರ್ ಭಾಷೆಯನ್ನೂ ಕಲಿಯಬಹುದು. ವಿದ್ಯಾರ್ಥಿಯ ಉತ್ತರದಲ್ಲಿ ಯಾವ ಪದ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ, ಯಾವುದು ಇರಲೇಬೇಕು ಎಂದು ಮೊದಲೇ ಬರೆದಿಡುವ ಸೌಲಭ್ಯ ಅದರಲ್ಲಿತ್ತು. ಅಕ್ಷರಗಳನ್ನು 8×16 ಚುಕ್ಕಿಯ ಚೌಕದಲ್ಲಿ ನಾವೇ ಬಿಡಿಸಿ ತುಂಬಬಹುದಿತ್ತು. ಕನ್ನಡದ 'ರ', 'ಗ' ಹೇಗೋ ಕೂತಾವು. 'ಕ್ಷ್ಮೀ' ಬಿಡಿಸಲು ಕೂತವರಿಗೆ ನನ್ನ ನಮಸ್ಕಾರ. ತರಗತಿಯಲ್ಲಿ ತೋರಿಸುವವರು ಖಾತೆಗೆ ಸಾಕಷ್ಟು ಮುಂಚೆಯೇ ಕೇಳಿಕೊಳ್ಳಿ, ಇಂಟರ್ನೆಟ್ ಕೈಕೊಟ್ಟರೆ ತೋರಿಸಲು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆಸ್ಪೆನ್ ಮೂವಿ ಮ್ಯಾಪ್ ಓಡಿಸಲು ಸಿಗುವುದಿಲ್ಲ. ಆದರೆ ಮತ್ತೆ ಕಟ್ಟಲು ಇದರಷ್ಟು ಖುಷಿ ಕೊಡುವುದು ಇನ್ನೊಂದಿಲ್ಲ. 1978ರ ಸುಮಾರಿಗೆ ಎಂಐಟಿಯ ಆರ್ಕಿಟೆಕ್ಚರ್ ಮೆಷಿನ್ ಗ್ರೂಪ್‌ನವರು ಕೊಲೊರಾಡೊದ ಆಸ್ಪೆನ್ ಊರಿನ ಬೀದಿಗಳಲ್ಲಿ ಕಾರು ಓಡಿಸಿದರು. ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಕ್ಯಾಮೆರಾ. ಹಿಂದೆ ಎಳೆದುಕೊಂಡು ಹೋದ ಸೈಕಲ್ ಚಕ್ರ ಅಳತೆ ಹೇಳಿ, ಪ್ರತಿ 10 ಅಡಿಗೊಂದು ಚಿತ್ರ ತೆಗೆಸುತ್ತಿತ್ತು. ನೆರಳು ಹೆಚ್ಚುಕಡಿಮೆಯಾಗದಿರಲಿ ಎಂದು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಮಾತ್ರ ಚಿತ್ರೀಕರಣ. ಇದನ್ನೆಲ್ಲ ಲೇಸರ್‌ಡಿಸ್ಕ್ ಎಂಬ ದೊಡ್ಡ ವಿಡಿಯೊ ತಟ್ಟೆಗೆ ಹಾಕಿದರು. ಒಂದು ಬದಿಯಲ್ಲಿ 54,000 ಚಿತ್ರ ಹಿಡಿಯುತ್ತದೆ, ಯಾವುದಕ್ಕೆ ಬೇಕಾದರೂ ನೇರ ಹೋಗಬಹುದು. ನೋಡುವವರು ಪರದೆ ಮುಟ್ಟಿ ಎಡಕ್ಕೋ ಬಲಕ್ಕೋ ತಿರುಗಿ ಊರು ಸುತ್ತುತ್ತಿದ್ದರು. ತಿರುವಿನಲ್ಲಿ ಚಿತ್ರ ನಿಲ್ಲದಿರಲು ಒಂದಕ್ಕಿಂತ ಹೆಚ್ಚು ಪ್ಲೇಯರ್ ಇಟ್ಟಿದ್ದರು. ಒಂದು ಓಡುತ್ತಿರುವಾಗ ಇನ್ನೊಂದು ಮುಂದಿನ ಬೀದಿಯ ಚಿತ್ರ ಹುಡುಕಿ ಕಾಯುತ್ತಿತ್ತು.

ಇವತ್ತು ಇದಕ್ಕೆ ಬೇಕಾದದ್ದು ಒಂದು ಮೊಬೈಲು, ಒಂದು ಸೈಕಲ್ಲು. ಉಡುಪಿಯ ರಥಬೀದಿಯಂಥ ಸುತ್ತುಬೀದಿ ಸಿಕ್ಕರೆ ಶುರುವಿಗೆ ಚೆನ್ನ, ತಿರುವುಗಳ ತಲೆಬಿಸಿ ಕಡಿಮೆ. 10 ಅಡಿಗೊಂದರಂತೆ ಒಂದು ಕಿಲೋಮೀಟರಿಗೆ ಸುಮಾರು 330 ಚಿತ್ರ. ಒಂದು ದಿಕ್ಕಿಗೆ ಅಷ್ಟು. ಎದುರು ದಿಕ್ಕಿಗೂ ಅಷ್ಟೇ. ಅಡ್ಡರಸ್ತೆಗಳನ್ನು ಸೇರಿಸಿದ ಹಾಗೆ ಕೆಲಸ ಎಷ್ಟು ಬೇಗ ಬೆಳೆಯುತ್ತದೆ ಎಂದು ಆಗ ತಿಳಿಯುತ್ತದೆ. ಬೀದಿಯಲ್ಲಿ ಸಿಕ್ಕವರ ಮುಖ ಮಸುಕು ಮಾಡುವುದನ್ನು ಮರೆಯಬೇಡಿ.

ಹೈಪರ್‌ಕಾರ್ಡ್ ಸೋಮಾರಿಗಳ ಮಿತ್ರ. ಬೈಯಲು ಹೇಳುತ್ತಿಲ್ಲ, ಹೊಗಳಲು ಹೇಳುತ್ತಿದ್ದೇನೆ. ಆಪಲ್‌ನ ಬಿಲ್ ಅಟ್ಕಿನ್ಸನ್ ಮಾಡಿದ್ದು, 1987ರಲ್ಲಿ ಹೊಸ ಮ್ಯಾಕಿಂಟಾಷ್ ಜೊತೆ ಉಚಿತವಾಗಿ ಕೊಡುತ್ತಿದ್ದರು. ಒಂದೊಂದು ಪರದೆಯೂ ಒಂದು ಕಾರ್ಡು. ಚಿತ್ರ ಬಿಡಿಸಿ, ಗುಂಡಿ ಇಟ್ಟು, ಒತ್ತಿದರೆ ಏನಾಗಬೇಕು ಎಂದು ಬರೆಯುವುದು. ಬರೆಯಬೇಕಾದ್ದು ಇಷ್ಟೇ: ಆನ್ ಮೌಸ್‌ಅಪ್, ಗೋ ಟು ನೆಕ್ಸ್ಟ್ ಕಾರ್ಡ್, ಎಂಡ್ ಮೌಸ್‌ಅಪ್. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಎಷ್ಟೋ ಅಧ್ಯಾಪಕರು ಇದರಲ್ಲಿ ಪಾಠ ಮಾಡಿದರು. 1993ರಲ್ಲಿ ಬಂದ ಮಿಸ್ಟ್ ಎಂಬ ಹೆಸರಾಂತ ಆಟವನ್ನೂ ಮ್ಯಾಕ್‌ನಲ್ಲಿ ಹೈಪರ್‌ಕಾರ್ಡ್ ಮೇಲೇ ಕಟ್ಟಿದ್ದರು. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಸ್ಟ್ಯಾಕ್‌ಗಳನ್ನು (ಕಾರ್ಡುಗಳ ಕಟ್ಟುಗಳನ್ನು) ಬ್ರೌಸರ್‌ನಲ್ಲೇ ತೆರೆಯಬಹುದು. ಕಪ್ಪು-ಬಿಳುಪು, ಚಿಕ್ಕ ಪರದೆ, ಕನ್ನಡ ಇಲ್ಲ. ಆದರೂ ಏಳನೇ ಕ್ಲಾಸಿನ ಮಗುವೂ ಒಂದು ಗಂಟೆಯಲ್ಲಿ ಏನಾದರೊಂದು ಮಾಡಿ ತೋರಿಸುತ್ತದೆ. ಪ್ಲೇಟೋದಲ್ಲಿ ಅಷ್ಟು ಬೇಗ ಆಗದು.

ಯಾರಿಗೆ ಯಾವುದು

ಒಂದೇ ಪೀರಿಯಡ್ ಇರುವ ಮೇಷ್ಟರಿಗೆ: ಎಂಗಲ್‌ಬಾರ್ಟ್ ವಿಡಿಯೊದ ಎರಡು ತುಣುಕು, ಆಮೇಲೆ ಹೈಪರ್‌ಕಾರ್ಡ್. ಇಡೀ ವರ್ಷದ ಕಂಪ್ಯೂಟರ್ ಕ್ಲಬ್ ಇದ್ದರೆ ಪ್ಲೇಟೋ.

ಒಬ್ಬರೇ, ಒಂದು ಸೆಮಿಸ್ಟರ್, ಖರ್ಚು ಬೇಡ ಎನ್ನುವವರಿಗೆ ಮೈಸಿನ್ ಬಗೆಯದು, ಪೈಥಾನ್‌ನಲ್ಲಿ. 30-40 ನಿಯಮ ಸಾಕು, 'ಯಾಕೆ' ಎಂದರೆ ಉತ್ತರ ಕೊಡುವಂತಿರಲಿ. ನಿಯಮ 200 ಇದ್ದು ಉತ್ತರ ಕೊಡದಿದ್ದರೆ ಪ್ರಯೋಜನವಿಲ್ಲ. ಸಮಯ ಅದಕ್ಕಿಂತಲೂ ಕಡಿಮೆ ಇದ್ದರೆ ಕ್ಲಿಪ್ಸ್‌ನಲ್ಲಿ ಪುಟ್ಟ ಎಕ್ಸ್‌ಕಾನ್.

ನಾಲ್ಕು ಜನರ ತಂಡವಾದರೆ ಎರಡೂ ಕಡೆಯದನ್ನು ಸೇರಿಸಿ. ಮೈಸಿನ್ ಎಲ್ಲವನ್ನೂ ಮಾತಿನಲ್ಲೇ ಕೇಳುತ್ತಿತ್ತು. ಮುಂದೆ ಇದ್ದದ್ದು ಬರೀ ಅಕ್ಷರದ ಟರ್ಮಿನಲ್. "ನೀರು ಇಳಿದಂಥ ಕಲೆ ಇದೆಯೇ?" ಎಂದು ಬರೆದು ಕೇಳಿದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಮೂರು ಕಾಯಿಗಳ ಫೋಟೊ ಇಟ್ಟು "ಯಾವುದರ ಹಾಗಿದೆ? ಮುಟ್ಟಿ" ಎಂದರೆ ಗೊಂದಲವಿಲ್ಲ. ಇಬ್ಬರು ನಿಯಮ ಮತ್ತು ಇಂಜಿನ್ ನೋಡಿಕೊಳ್ಳಲಿ, ಇಬ್ಬರು ಕಾರ್ಡ್ ಬಗೆಯ ಪರದೆ. ಬೆಳೆಗಾರರ ಕೈಗೆ ಫೋನ್ ಕೊಟ್ಟು ಪರೀಕ್ಷಿಸಿ. ಫೋಟೊ ಇದ್ದಾಗ, ಇಲ್ಲದಾಗ ಉತ್ತರ ಎಷ್ಟು ಸರಿಬಂತು ಎಂದು ಬರೆದಿಡಿ. ವರದಿಗೆ ಒಂದು ಗಟ್ಟಿ ಅಧ್ಯಾಯ ಸಿಕ್ಕಿತು.

ಕೊನೆಗೆ, ಕೊಳ್ಳಬೇಕೆಂದಿರುವ ಹವ್ಯಾಸಿಗಳು. ಎಕ್ಸ್‌ಪರ್ಟ್ ಸಿಸ್ಟಮ್‌ಗಾಗಿ ಹಳೆಯ ಮೆಷಿನ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಲಿಸ್ಪ್ ಭಾಷೆಗೆಂದೇ ಮಾಡಿದ ಮೆಷಿನ್‌ಗಳು ಅಪರೂಪ, ಸಿಕ್ಕರೂ ಸಾಕುವುದು ಕಷ್ಟ. ಚಿತ್ರ-ಶಬ್ದದ ಕಡೆಗಾದರೆ ಅಮಿಗಾ ಎಂಬ ಹಳೆಯ ಮನೆಬಳಕೆಯ ಕಂಪ್ಯೂಟರ್ ನೋಡಿ. 1985ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಬಿಡುಗಡೆಯಾದ ದಿನ ಹೆಸರಾಂತ ಕಲಾವಿದ ಆಂಡಿ ವಾರ್ಹಾಲ್ ವೇದಿಕೆ ಮೇಲೆ ಅದರಲ್ಲಿ ಚಿತ್ರ ಮಾಡಿದ್ದರು. 4096 ಬಣ್ಣ, ನಾಲ್ಕು ಚಾನೆಲ್ ಶಬ್ದ, ಇವನ್ನು ನೋಡಿಕೊಳ್ಳಲು ಬೇರೆ ಚಿಪ್‌ಗಳು. ಆ ಹೊತ್ತಿನ ಪಿಸಿಗಳು ಬರೀ ಕೀಂಗುಟ್ಟುತ್ತಿದ್ದವು.

ಮೊದಲು ಎಮ್ಯುಲೇಟರ್‌ನಲ್ಲಿ ಕೆಲವು ವಾರ ಆಡಿ, ಆಮೇಲೂ ಆಸೆ ಉಳಿದರೆ ದುಡ್ಡು ಹಾಕಿ. ಹೊರದೇಶದಿಂದ ತರಿಸಿದರೆ ಮೆಷಿನ್‌ಗಿಂತ ಸಾಗಣೆ ಮತ್ತು ಕಸ್ಟಮ್ಸ್ ಸುಂಕವೇ ಜಾಸ್ತಿ ಆದೀತು, ಸೇರಿಸಿ ಲೆಕ್ಕ ಹಾಕಿ. ಅಮೆರಿಕದ ಮೆಷಿನ್‌ಗಳು 110 ವೋಲ್ಟಿನವು, ನಮ್ಮ ಪ್ಲಗ್ಗಿಗೆ ನೇರ ಚುಚ್ಚಿದರೆ ಅಲ್ಲಿಗೇ ಮುಗಿಯಿತು. ಯುರೋಪಿನದಾದರೆ ಆ ತಾಪತ್ರಯವಿಲ್ಲ. ಅಮಿಗಾ 2000, 500 ಪ್ಲಸ್ ಇವುಗಳ ಬೋರ್ಡ್ ಮೇಲೆ ಒಂದು ಬ್ಯಾಟರಿ ಇರುತ್ತದೆ. ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕಿರುತ್ತದೆ. ದುಡ್ಡು ಕಳಿಸುವ ಮುಂಚೆ ಮುಚ್ಚಳ ತೆಗೆದು ಬ್ಯಾಟರಿ ಹತ್ತಿರದ ಫೋಟೊ ಕಳಿಸಿ ಎಂದು ಕೇಳಿ. ಹಸಿರು ಕಲೆ ಕಂಡರೆ, ಅಥವಾ ಮಾರುವವರು ಫೋಟೊ ಕೊಡಲು ಹಿಂದೆಮುಂದೆ ನೋಡಿದರೆ, ಬೇರೆಯದನ್ನು ಹುಡುಕಿ.